ಮದ್ದಿಗೂ ಮಚ್ಚಿಗೂ ನಡುವೆ: ಕಾಯಿಲೆ ಬಿದ್ದ ಕೋಳಿಯ ಇತಿಹಾಸ

ಕಾಯಿಲೆ ಬಿದ್ದ ಕೋಳಿಯ ಮುಂದೆ ಸಾಕಿದವರಿಗೆ ಹಿಂದಿನಿಂದಲೂ ಇದ್ದ ದಾರಿಗಳು ಮೂರು. ಮನೆಮದ್ದು ನುಂಗಿಸಿ ಮಂಕರಿಯಡಿ ಬಿಟ್ಟು ಕಾಯುವುದು ಒಂದು. ಸಾಯುವ ಮೊದಲೇ ಕೊಯ್ದು ಸಾರಿಗೆ ಹಾಕುವುದು ಇನ್ನೊಂದು. ಮರುದಿನದ ಸಂತೆಗೆ ಒಯ್ದು ಬಂದಷ್ಟಕ್ಕೆ ಕೊಟ್ಟುಬಿಡುವುದು ಮೂರನೆಯದು. ಹಸುವಿಗೋ ಎತ್ತಿಗೋ ಬೇನೆ ಬಂದಾಗ ನಾಟಿ ವೈದ್ಯನನ್ನು ಕರೆಸುತ್ತಿದ್ದ ಮನೆಯೂ ಕೋಳಿಗಾಗಿ ಯಾರನ್ನೂ ಕರೆಸುತ್ತಿರಲಿಲ್ಲ. ಕೋಳಿಯ ಬೆಲೆಗಿಂತ ಮದ್ದಿನ ಖರ್ಚೇ ಹೆಚ್ಚಾಗುತ್ತಿತ್ತು ಎಂಬುದು ಎದ್ದು ಕಾಣುವ ಕಾರಣ. ಅದಕ್ಕಿಂತ ಆಳದ ಕಾರಣವೆಂದರೆ ಕೋಳಿಯನ್ನು ಬಿಡಿಯಾಗಿ ನೋಡುವ ರೂಢಿಯೇ ಇರಲಿಲ್ಲ. ಕೋಳಿ ವೈದ್ಯದ ಇತಿಹಾಸ ಬಹುಪಾಲು ಹಿಂಡನ್ನು ಉಳಿಸಿಕೊಂಡ ಇತಿಹಾಸ. ಒಂದೇ ಕೋಳಿಯನ್ನು ಉಳಿಸಬೇಕೆ, ಉಳಿಯುವ ಹಾಗಿಲ್ಲದಿದ್ದರೆ ಅದರ ಕೊನೆಯನ್ನು ಹೇಗೆ ಹಗುರ ಮಾಡಬೇಕು ಎಂಬ ಪ್ರಶ್ನೆ ಅದರೊಳಗೆ ಅಲ್ಲಲ್ಲಿ ಮಾತ್ರ ತಲೆಯೆತ್ತುತ್ತದೆ.

ಕನ್ನಡದಲ್ಲಿ ಪಶುವೈದ್ಯ ಬರವಣಿಗೆಗೆ ಹಳೆಯ ಪರಂಪರೆಯಿದೆ. 12ನೇ ಶತಮಾನದಲ್ಲಿ ಚಾಳುಕ್ಯ ಮನೆತನದ ಕೀರ್ತಿವರ್ಮ ‘ಗೋವೈದ್ಯ’ ಬರೆದ. ಮುಂದೆ ಅಭಿನವಚಂದ್ರ ಕುದುರೆಗಳ ಚಿಕಿತ್ಸೆಯ ಬಗ್ಗೆ ಬರೆದ. ಹೆಸರಾದ ಕೃತಿಗಳೆಲ್ಲ ಹೀಗೆ ಹಸು, ಕುದುರೆ, ಆನೆಗಳ ಸುತ್ತಲೇ ನಿಂತವು. ಉಳುಮೆ, ಯುದ್ಧ, ಅರಮನೆ ಮೂರೂ ಈ ಪ್ರಾಣಿಗಳನ್ನು ಅವಲಂಬಿಸಿದ್ದವು. ಕೋಳಿ ಅರಮನೆಯ ಕಣ್ಣಿಗೆ ಬಿದ್ದದ್ದು ಕಾಳಗದ ಹುಂಜವಾಗಿ. ಕಲ್ಯಾಣ ಚಾಳುಕ್ಯರ ಮೂರನೆಯ ಸೋಮೇಶ್ವರ 12ನೇ ಶತಮಾನದ ಮೊದಲರ್ಧದಲ್ಲಿ ರಚಿಸಿದ ಸಂಸ್ಕೃತದ ‘ಮಾನಸೋಲ್ಲಾಸ’ ಅರಸರ ವಿನೋದಗಳ ಸಾಲಿನಲ್ಲಿ ಕುಕ್ಕುಟ ವಿನೋದವನ್ನೂ ಸೇರಿಸಿಕೊಂಡಿದೆ. ತಮಿಳುನಾಡಿನ ವಿಲ್ಲುಪುರಂ ಸೀಮೆಯ ಅರಸಲಾಪುರದಲ್ಲಿ ಕಾಳಗದಲ್ಲಿ ಮಡಿದ ಹುಂಜವೊಂದಕ್ಕೆ ನಿಲ್ಲಿಸಿದ ಕಲ್ಲೇ ಇದೆ. ಹುಂಜದ ಚಿತ್ರವೂ ಬರಹವೂ ಅದರ ಮೇಲಿವೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ 10ನೇ ಶತಮಾನದ ನಡುವಿನಲ್ಲಿ ಕಾಳಿ ಎಂಬ ನಾಯಿಗೆ ಕಲ್ಲು ನಿಂತಂತೆ ಇಲ್ಲಿ ಹುಂಜಕ್ಕೆ ನಿಂತಿತು. ಮೊಟ್ಟೆಯಿಟ್ಟು ಮರಿ ಮಾಡಿ ಮನೆ ಸಾಕಿದ ಹ್ಯಾಟೆಗೆ ಅಂಥ ಕಲ್ಲು ನಿಲ್ಲಿಸಿದವರು ಕಾಣುವುದಿಲ್ಲ.

ತುಳುನಾಡಿನ ಕೋಳಿ ಅಂಕದಲ್ಲೂ ಇದೇ ಮಾತು. ಕಾಲಿಗೆ ಕತ್ತಿ ಕಟ್ಟಿ ಬಿಟ್ಟ ಹುಂಜ ಗೆದ್ದು ಬಂದರೆ, ಅದರ ಗಾಯವನ್ನು ಸೂಜಿ ದಾರದಿಂದ ಹೊಲಿದು, ಅರಿಶಿನ ಮೆತ್ತಿ, ಮೆತ್ತನೆಯ ಆಹಾರ ಕೊಟ್ಟು ವಾರಗಟ್ಟಲೆ ಆರೈಕೆ ಮಾಡುವ ಕೈಚಳಕದವರು ಅಲ್ಲಿದ್ದರು. ಒಂದೊಂದು ಹುಂಜದ ಬಣ್ಣ, ಜಾತಿ, ಹುಟ್ಟು, ಸ್ವಭಾವ ಅವರಿಗೆ ಬಾಯಿಪಾಠ. ಸೋತ ಹುಂಜ ಗೆದ್ದವನ ಮನೆಯ ಅಡಿಗೆಗೆ ಹೋಗುತ್ತಿತ್ತು. ಹೀಗಾಗಿ ಕೋಳಿಗೆ ಹೊಲಿಗೆ ಹಾಕುವ ವಿದ್ಯೆ ಪಶು ಆಸ್ಪತ್ರೆಗಳು ಬರುವ ಬಹಳ ಮೊದಲೇ ನಾಡಿನಲ್ಲಿತ್ತು. ಆದರೆ ಅದರ ಹಿಂದಿದ್ದದ್ದು ಜೂಜಿನ ಲೆಕ್ಕ.

ಹಿತ್ತಲ ಕೋಳಿಯ ಕಾಯಿಲೆಯ ಬಗ್ಗೆ ಸಿಗುವ ಹಳೆಯ ವಿವರವಾದ ಬರಹಗಳಲ್ಲಿ ಒಂದು ರೋಮ್ ಸಾಮ್ರಾಜ್ಯದ್ದು. ಕ್ರಿ.ಶ. 1ನೇ ಶತಮಾನದ ಕೊಲುಮೆಲ್ಲಾ ತನ್ನ ಕೃಷಿ ಗ್ರಂಥದ ಎಂಟನೆಯ ಭಾಗದಲ್ಲಿ ಕೋಳಿಗಳ ನಾಲಿಗೆಯ ತುದಿಗೆ ಬಿಳಿ ಪೊರೆ ಕಟ್ಟುವ ರೋಗವನ್ನು ವರ್ಣಿಸುತ್ತಾನೆ. ಆ ಪೊರೆಯನ್ನು ಉಗುರಿನಿಂದ ಕಿತ್ತು, ಗಾಯಕ್ಕೆ ಬೂದಿ ಸವರಿ, ಅರೆದ ಬೆಳ್ಳುಳ್ಳಿ ಹಚ್ಚಬೇಕು. ಎಣ್ಣೆಯಲ್ಲಿ ಅದ್ದಿದ ಬೆಳ್ಳುಳ್ಳಿ ಎಸಳನ್ನು ಗಂಟಲಿಗೆ ಇಳಿಸಬೇಕು. ಈ ಚಿಕಿತ್ಸೆ ಯೂರೋಪಿನ ಹಳ್ಳಿಗಳಲ್ಲಿ ನೂರಾರು ವರ್ಷ ನಡೆಯಿತು. ನಿಜದಲ್ಲಿ ಆ ಪೊರೆ ರೋಗವೇ ಅಲ್ಲ. ಕೋಳಿಯ ನಾಲಿಗೆಯ ತುದಿ ಹುಟ್ಟಿನಿಂದಲೇ ಗಡುಸು. ನೆಗಡಿಯಿಂದ ಮೂಗಿನ ಹೊಳ್ಳೆ ಕಟ್ಟಿದಾಗ ಕೋಳಿ ಬಾಯಿ ತೆರೆದು ಉಸಿರಾಡುತ್ತದೆ, ಆಗ ಆ ತುದಿ ಒಣಗಿ ಬೆಳ್ಳಗೆ ಎದ್ದು ಕಾಣುತ್ತದೆ. ಅದನ್ನು ಕಿತ್ತರೆ ನೆಗಡಿ ಹೋಗುವುದಿಲ್ಲ. ಹಸಿ ಗಾಯದ ನಾಲಿಗೆಯ ಕೋಳಿ ಕಾಳು ತಿನ್ನುವುದನ್ನೂ ಬಿಡುತ್ತದೆ. ಆರೈಕೆಯ ಹೆಸರಿನಲ್ಲಿ ಕೋಳಿಗಳಿಗೆ ಇಷ್ಟು ದೀರ್ಘಕಾಲ ಹಿಂಸೆ ಕೊಟ್ಟ ಮದ್ದು ಬೇರೊಂದು ಇರಲಾರದು.

ಒಂದು ಕೋಳಿಯನ್ನು ಒಂದು ಜೀವವೆಂದು ನೋಡಿದವರು ಆ ಕಾಲದಲ್ಲೂ ಇರಲಿಲ್ಲವೆಂದಲ್ಲ. ಇಟಲಿಯ ಬೊಲೊನ್ಯಾದ ಪ್ರಕೃತಿ ವಿಜ್ಞಾನಿ ಉಲಿಸ್ಸೆ ಆಲ್ಡ್ರೊವಾಂಡಿ 1600ರಲ್ಲಿ ಪ್ರಕಟಿಸಿದ ಪಕ್ಷಿಶಾಸ್ತ್ರದ ಸಂಪುಟದಲ್ಲಿ ಕೋಳಿಗಳಿಗೆ ಬಹಳಷ್ಟು ಪುಟ ಮೀಸಲಿಟ್ಟ. ರೋಗ, ಮದ್ದು, ಶಕುನ, ಅಡಿಗೆ ಎಲ್ಲವೂ ಅದರಲ್ಲಿ ಬೆರೆತಿವೆ. ಅವುಗಳ ನಡುವೆ ಅವನು ತನ್ನ ಹಳ್ಳಿಮನೆಯ ಕೋಳಿಯೊಂದನ್ನು ನೆನೆಯುತ್ತಾನೆ. ಅದು ಉಳಿದ ಕೋಳಿಗಳ ಸಹವಾಸ ಬಿಟ್ಟು ದಿನವಿಡೀ ಮನೆಯೊಳಗೆ ಒಂಟಿಯಾಗಿ ಓಡಾಡುತ್ತಿತ್ತು. ರಾತ್ರಿ ಅವನ ಹತ್ತಿರವೇ, ಅದೂ ದೊಡ್ಡ ಗಾತ್ರದ ಪುಸ್ತಕಗಳ ನಡುವೆಯೇ ಮಲಗಬೇಕೆಂದು ಹಟ ಹಿಡಿಯುತ್ತಿತ್ತು. ಕೋಳಿ ಮಾಂಸದ ಅಡಿಗೆಯನ್ನೂ ಅದೇ ಉತ್ಸಾಹದಿಂದ ವಿವರಿಸುವ ಗ್ರಂಥದಲ್ಲಿ ಈ ಒಂದು ಕೋಳಿ ಬೇರೆಯಾಗಿ ನಿಲ್ಲುತ್ತದೆ. ಸಾಕಿದ ಕೋಳಿಯ ಬಗೆಗಿನ ಈ ಎರಡು ಮನಸ್ಸು ಅಂದಿಗೂ ಹೊಸದಲ್ಲ, ಇಂದಿಗೂ ಹಳತಾಗಿಲ್ಲ.

ಕೋಳಿಯನ್ನು ಕೊಲ್ಲುವುದರ ನೈತಿಕ ತೂಕವನ್ನು ಕನ್ನಡ ಸಾಹಿತ್ಯ ಬಹಳ ಹಿಂದೆಯೇ ಅಳೆದಿದೆ. ಜನ್ನನ ‘ಯಶೋಧರ ಚರಿತೆ’ 1209ರದ್ದು. ಅದರಲ್ಲಿ ಅರಸ ಯಶೋಧರ ತಾಯಿಯ ಒತ್ತಾಯಕ್ಕೆ ಮಣಿದು, ನಿಜವಾದ ಕೋಳಿಯ ಬದಲು ಹಿಟ್ಟಿನ ಕೋಳಿಯನ್ನು ಬಲಿ ಕೊಡುತ್ತಾನೆ. ಕೊಂದದ್ದು ಹಿಟ್ಟನ್ನಾದರೂ ಕೊಲ್ಲುವ ಸಂಕಲ್ಪ ಮಾಡಿದ ಪಾಪಕ್ಕೆ ತಾಯಿ ಮಗ ಇಬ್ಬರೂ ಪ್ರಾಣಿಜನ್ಮಗಳನ್ನು ಅಲೆಯಬೇಕಾಗುತ್ತದೆ. ಅವುಗಳಲ್ಲಿ ಕೊನೆಯದು ಕೋಳಿಗಳ ಜನ್ಮ. ಆ ಜೋಡಿ ಅರಸನ ಬಾಣಕ್ಕೆ ಸಾಯುತ್ತದೆ. ನೋವಿನಲ್ಲಿರುವ ಪ್ರಾಣಿಯನ್ನು ದಯೆಯಿಂದ ಕೊಲ್ಲಬಹುದೇ ಎಂಬ ಪ್ರಶ್ನೆಗೆ ಈ ಜೈನ ದೃಷ್ಟಿ ಸುಲಭವಾಗಿ ಒಪ್ಪಿಗೆ ಕೊಡುವಂಥದಲ್ಲ. ಮುದಿ, ರೋಗಿ ಪ್ರಾಣಿಗಳನ್ನು ಕೊನೆತನಕ ಸಾಕುವ ಪಿಂಜರಾಪೋಲ್‌ಗಳು ಬೆಳೆದದ್ದು ಇದೇ ನೆಲೆಯಿಂದ. ದಿಲ್ಲಿಯ ಚಾಂದನಿ ಚೌಕದ ಜೈನ ಮಂದಿರದ ಪಕ್ಷಿ ಆಸ್ಪತ್ರೆಯಲ್ಲಿ ಗುಣವಾದ ಹಕ್ಕಿಗಳನ್ನು ಹಾರಬಿಡುವುದು, ಹಾರಲಾರದವನ್ನು ಕೊನೆತನಕ ನೋಡಿಕೊಳ್ಳುವುದು ಪದ್ಧತಿ.

ಹಳ್ಳಿಯ ಹಿತ್ತಲಿನಲ್ಲಿ ಈ ಚರ್ಚೆಗೆ ಎಡೆಯಿರಲಿಲ್ಲ. ಅಲ್ಲಿ ಕೋಳಿ ಹೆಣ್ಣುಮಕ್ಕಳ ಸ್ವತ್ತು. ಮೊಟ್ಟೆ ಮಾರಿದ, ಹುಂಜ ಮಾರಿದ ಪುಡಿಗಾಸು ಅವರ ಸೆರಗಿನ ಗಂಟಿಗೆ ಸೇರುತ್ತಿತ್ತು. ಹಬ್ಬಕ್ಕೆ, ಬಾಣಂತಿಗೆ, ಬಂದ ನೆಂಟರಿಗೆ, ಮಾರಮ್ಮನ ಹರಕೆಗೆ ಯಾವ ಕೋಳಿ ಎಂದು ಹೇಳುವವರೂ ಅವರೇ. ಕಾಯಿಲೆಯನ್ನು ಮೊದಲು ಗುರುತಿಸುತ್ತಿದ್ದದ್ದೂ ಅವರ ಕಣ್ಣು. ಬೆಳಿಗ್ಗೆ ಗೂಡಿನ ಬಾಗಿಲು ತೆಗೆದ ಕೂಡಲೇ ಎಲ್ಲ ಕೋಳಿಗಳೂ ಹೊರಕ್ಕೆ ನುಗ್ಗುತ್ತವೆ. ಒಂದು ಮಾತ್ರ ಮೂಲೆಯಲ್ಲಿ ಪುಕ್ಕ ಉಬ್ಬಿಸಿಕೊಂಡು, ಕುತ್ತಿಗೆ ಹೆಗಲೊಳಗೆ ಎಳೆದುಕೊಂಡು, ಅರೆಗಣ್ಣಿನಲ್ಲಿ ತೂಕಡಿಸುತ್ತ ನಿಂತಿದ್ದರೆ ಅದಕ್ಕೆ ಬೇನೆ ಬಂದಿದೆಯೆಂದೇ ಅರ್ಥ. ಜುಟ್ಟು ಬಾಡಿ ಕಪ್ಪಿಟ್ಟಿರುತ್ತದೆ, ಹಿಂಬದಿಯ ಪುಕ್ಕಕ್ಕೆ ಹಿಕ್ಕೆ ಅಂಟಿರುತ್ತದೆ. ಕೋಳಿ ತನ್ನ ಕಾಯಿಲೆಯನ್ನು ಆದಷ್ಟು ದಿನ ಮುಚ್ಚಿಡುವ ಪ್ರಾಣಿ. ದುರ್ಬಲವೆಂದು ತೋರಿಸಿಕೊಂಡರೆ ಹದ್ದು, ನರಿಗಳಿಗಿಂತ ಮೊದಲು ಜೊತೆಯ ಕೋಳಿಗಳೇ ಕುಕ್ಕಲು ಬರುತ್ತವೆ. ಆದ್ದರಿಂದ ತೂಕಡಿಕೆ ಕಣ್ಣಿಗೆ ಬೀಳುವ ಹೊತ್ತಿಗೆ ರೋಗ ಬಹಳ ಮುಂದೆ ಹೋಗಿರುತ್ತದೆ.

ಆಗ ಕೊಡುತ್ತಿದ್ದ ಮದ್ದು ಅಡಿಗೆಮನೆಯದೇ. ಬೆಳ್ಳುಳ್ಳಿ, ಕಾಳುಮೆಣಸು, ಅರಿಶಿನ ಅರೆದು ಗೋಲಿಯಷ್ಟು ಉಂಡೆ ಮಾಡಿ ಕೊಕ್ಕು ಬಿಡಿಸಿ ನುಂಗಿಸುವುದು. ಸಿಡುಬಿನ ಗುಳ್ಳೆಗಳಿಗೆ ಬೇವು, ಅರಿಶಿನ ಅರೆದು ಎಣ್ಣೆಯಲ್ಲಿ ಕಲಸಿ ಹಚ್ಚುವುದು. ಕೋಳಿಯನ್ನು ಬೇರೆಯಾಗಿ ಮಂಕರಿಯಡಿ ಕವುಚಿ ಒಲೆಯ ಬಿಸುಪಿನ ಹತ್ತಿರ ಇಡುವುದು. ಕೊನೆಯದು ನಿಜಕ್ಕೂ ಒಳ್ಳೆಯ ಆರೈಕೆ. ಕಾಯಿಲೆ ಕೋಳಿಗೆ ಬಿಸುಪು, ಕತ್ತಲೆ, ಬೇರೆಯವುಗಳ ಕುಕ್ಕಿನಿಂದ ಬಿಡುಗಡೆ ಮೂರೂ ಬೇಕು. ಆದರೆ ಗಂಟಲಿಗೆ ನೀರುಮದ್ದು ಸುರಿಯುವ ಅಭ್ಯಾಸ ಅಪಾಯದ್ದು. ಕೋಳಿಯ ಉಸಿರಿನ ಕೊಳವೆಯ ಬಾಯಿ ನಾಲಿಗೆಯ ಬುಡದಲ್ಲೇ ತೆರೆದಿರುತ್ತದೆ. ಹಿಂದಕ್ಕೆ ಬಾಗಿಸಿ ಸುರಿದ ಕಷಾಯ ನೇರವಾಗಿ ಶ್ವಾಸಕೋಶಕ್ಕೆ ಇಳಿದು, ರೋಗದಿಂದ ಬದುಕಬಹುದಾಗಿದ್ದ ಕೋಳಿ ಮದ್ದಿನಿಂದ ಸತ್ತದ್ದುಂಟು. ಕೊಕ್ಕಿನ ಅಂಚಿಗೆ ಒಂದೊಂದೇ ಹನಿ ಬಿಟ್ಟು ಅದೇ ನುಂಗಲು ಬಿಡಬೇಕೆಂದು ಪಶುವೈದ್ಯರು ಹೇಳುವುದು ಇದಕ್ಕೇ.

ಎರಡು ಮೂರು ದಿನ ನೋಡಿ, ಚೇತರಿಸುವುದಿಲ್ಲವೆಂದು ಖಚಿತವಾದರೆ ಮಚ್ಚು ಹೊರಬರುತ್ತಿತ್ತು. ತಾನಾಗಿ ಸತ್ತ ಕೋಳಿಯನ್ನು ತಿನ್ನಬಾರದೆಂಬ ನೇಮ ಹಲವು ಮನೆಗಳಲ್ಲಿತ್ತು. ಉಸಿರಿರುವಾಗಲೇ ಕೊಯ್ದರೆ ಅದು ಅನ್ನ, ಉಸಿರು ಹೋದ ಮೇಲೆ ಹೆಣ. ಬಡತನದ ಮನೆಯಲ್ಲಿ ಈ ಗೆರೆ ಕೋಳಿಯ ಆಯುಸ್ಸನ್ನು ನಿರ್ಧರಿಸುತ್ತಿತ್ತು. ಅದರಲ್ಲೊಂದು ಉದ್ದೇಶಿಸದ ದಯೆಯೂ ಇತ್ತೆನ್ನಬೇಕು: ಕೋಳಿ ವಾರಗಟ್ಟಲೆ ನರಳುತ್ತ ಬಿದ್ದಿರುತ್ತಿರಲಿಲ್ಲ. ಕೇಡೂ ಇತ್ತು. ಕಾಯಿಲೆ ಕೋಳಿಯ ಕರುಳು, ಪುಕ್ಕ, ತೊಳೆದ ನೀರು ಹಿತ್ತಲಿನಲ್ಲೇ ಬಿದ್ದು ಉಳಿದ ಕೋಳಿಗಳಿಗೂ ರೋಗ ಅಂಟುತ್ತಿತ್ತು. ಸಂತೆಗೆ ಹೋದ ಕೋಳಿ ಅದನ್ನು ಮುಂದಿನ ಊರಿಗೆ ಒಯ್ಯುತ್ತಿತ್ತು.

19ನೇ ಶತಮಾನದ ಕೊನೆಯಿಂದ ಕೋಳಿ ಪ್ರಯೋಗಾಲಯವನ್ನು ಹೊಕ್ಕಿತು. ಅಲ್ಲೂ ಅದು ಚಿಕಿತ್ಸೆ ಪಡೆಯಲು ಹೋದದ್ದಲ್ಲ. ಲೂಯಿ ಪಾಶ್ಚರ್ 1879–80ರಲ್ಲಿ ಕೋಳಿ ಕಾಲರಾದ ರೋಗಾಣುವನ್ನು ಕೋಳಿ ಸಾರಿನಲ್ಲೇ ಬೆಳೆಸಿ, ಹಳತಾಗಿ ಶಕ್ತಿಗುಂದಿದ ರೋಗಾಣುವನ್ನು ಚುಚ್ಚಿದ ಕೋಳಿಗಳು ಮುಂದೆ ತಾಜಾ ರೋಗಾಣುವಿಗೂ ಜಗ್ಗುವುದಿಲ್ಲವೆಂದು ತೋರಿಸಿದ. ಪ್ರಯೋಗಾಲಯದಲ್ಲಿ ತಯಾರಾಗುವ ಲಸಿಕೆಗಳ ಕಾಲ ಶುರುವಾದದ್ದು ಆ ಕೋಳಿಗಳಿಂದ. 1907ರಲ್ಲಿ ಬುಡಾಪೆಸ್ಟಿನ ಯೋಜೆಫ್ ಮಾರೆಕ್ ಕಾಲು ರೆಕ್ಕೆ ಸೋತು ಬಿದ್ದ ನಾಲ್ಕು ಹುಂಜಗಳ ರೋಗವನ್ನು ವರ್ಣಿಸಿದ; ಇಂದು ಆ ರೋಗಕ್ಕೆ ಅವನದೇ ಹೆಸರು. ಜಾವಾದಲ್ಲಿ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್ 1890ರ ಆಸುಪಾಸಿನಲ್ಲಿ ಬೆರಿಬೆರಿಯ ಕಾರಣ ಹುಡುಕುತ್ತಿದ್ದಾಗ ಅವನ ಕೋಳಿಗಳು ಕಾಲು ಸೋತು ಬೀಳತೊಡಗಿದವು, ಕೆಲ ತಿಂಗಳ ಮೇಲೆ ತಾವಾಗಿ ಎದ್ದು ನಿಂತವು. ವಿಚಾರಿಸಿದಾಗ ತಿಳಿದದ್ದು ಅಡಿಗೆಯವನ ಸುದ್ದಿ. ಆ ದಿನಗಳಲ್ಲಿ ಕೋಳಿಗಳಿಗೆ ಮಿಲಿಟರಿ ಆಸ್ಪತ್ರೆಯಲ್ಲಿ ಉಳಿದ ಪಾಲಿಶ್ ಅಕ್ಕಿಯ ಅನ್ನ ಸಿಗುತ್ತಿತ್ತು; ಹೊಸದಾಗಿ ಬಂದ ಅಡಿಗೆಯವ ಮಿಲಿಟರಿ ಅನ್ನ ಕೋಳಿಗಳಿಗೆ ಕೊಡಲಾಗದೆಂದು ನಿಲ್ಲಿಸಿದ ಮೇಲೆ ಅವು ಗುಣವಾಗಿದ್ದವು. ಅಕ್ಕಿಯ ತೌಡಿನಲ್ಲಿ ಏನೋ ಇದೆ ಎಂಬ ಈ ಸುಳಿವೇ ಮುಂದೆ ಬಿ1 ವಿಟಮಿನ್ನಿನ ಶೋಧಕ್ಕೆ ದಾರಿಯಾಗಿ, 1929ರಲ್ಲಿ ಅವನಿಗೆ ನೊಬೆಲ್ ತಂದುಕೊಟ್ಟಿತು. ಕಾಲು ಸೋತ ಕೋಳಿಗೆ ಇಂದಿಗೂ ಮೊದಲು ಬಿ ವಿಟಮಿನ್ ಕೊಟ್ಟು ನೋಡುವುದುಂಟು.

ಈ ಸಾಲಿನಲ್ಲಿ ಮನಸ್ಸಿಗೆ ಹತ್ತಿರವಾಗುವ ಪ್ರಸಂಗ ನ್ಯೂಯಾರ್ಕಿನದು. 1909ರಲ್ಲಿ ರಾಕ್‌ಫೆಲರ್ ಸಂಸ್ಥೆಯ ತರುಣ ವಿಜ್ಞಾನಿ ಪೇಟನ್ ರೌಸ್ ಬಳಿಗೆ ಕೋಳಿ ಸಾಕಿದವರೊಬ್ಬರು ಎದೆಯ ಮೇಲೆ ಗಡ್ಡೆ ಬೆಳೆದಿದ್ದ ಪ್ಲಿಮತ್ ರಾಕ್ ಜಾತಿಯ ಹ್ಯಾಟೆಯನ್ನು ತಂದರು. ರೌಸ್ ಗಡ್ಡೆಯ ಚೂರುಗಳನ್ನು ಅದೇ ತಳಿಯ ಬೇರೆ ಕೋಳಿಗಳಿಗೆ ಕಸಿ ಮಾಡಿದ; ಅವುಗಳಲ್ಲೂ ಗಡ್ಡೆ ಬೆಳೆಯಿತು. 1911ರಲ್ಲಿ ಗಡ್ಡೆಯ ರಸವನ್ನು ಜೀವಕೋಶಗಳೂ ಬ್ಯಾಕ್ಟೀರಿಯಾಗಳೂ ದಾಟಲಾರದಷ್ಟು ಸಣ್ಣ ಜರಡಿಯಲ್ಲಿ ಸೋಸಿ ಚುಚ್ಚಿದರೂ ಕ್ಯಾನ್ಸರ್ ಬರುತ್ತದೆಂದು ತೋರಿಸಿದ. ವೈರಸ್ಸಿನಿಂದ ಕ್ಯಾನ್ಸರ್ ಬರಬಹುದೆಂಬ ಮಾತನ್ನು ದಶಕಗಳ ಕಾಲ ಬಹಳ ಮಂದಿ ನಂಬಲಿಲ್ಲ. 1966ರಲ್ಲಿ, 87ನೇ ವಯಸ್ಸಿನಲ್ಲಿ, ಅವನಿಗೆ ನೊಬೆಲ್ ಬಂತು. ಗಡ್ಡೆ ಹೊತ್ತು ಬಂದ ಆ ಕೋಳಿ ಉಳಿಯಲಿಲ್ಲ.

ಭಾರತದಲ್ಲಿ ಕೋಳಿ ವೈದ್ಯ ಸರ್ಕಾರದ ಕೆಲಸವಾದದ್ದು ಒಂದು ರೋಗದ ಹೊಡೆತದಿಂದ. ಬ್ರಿಟಿಷರ ಪಶುವೈದ್ಯ ಇಲಾಖೆ 1890ರ ದಶಕದ ಆರಂಭದಲ್ಲಿ ಹುಟ್ಟಿದ್ದು ಕುದುರೆ, ದನಗಳಿಗಾಗಿ. ಪುಣೆಯಲ್ಲಿ 1889ರಲ್ಲಿ ಶುರುವಾಗಿ 1893ರಲ್ಲಿ ಕುಮಾವ್ ಬೆಟ್ಟಗಳ ಮುಕ್ತೇಶ್ವರಕ್ಕೆ ಹೋದ ಪ್ರಯೋಗಾಲಯವೂ, 1920ರ ದಶಕದಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ನೆಲೆಗೊಂಡ ಮೈಸೂರು ಸೀರಮ್ ಸಂಸ್ಥೆಯೂ ದೊಡ್ಡರೋಗಕ್ಕೆ (ರಿಂಡರ್‌ಪೆಸ್ಟ್) ತುತ್ತಾಗುತ್ತಿದ್ದ ದನಗಳನ್ನು ಉಳಿಸಲು ಕಟ್ಟಿದವು. 1926ರಲ್ಲಿ ಜಾವಾದಲ್ಲೂ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲೂ ಕಾಣಿಸಿಕೊಂಡ ಹೊಸ ಕೋಳಿ ರೋಗ, 1927ರಲ್ಲಿ ಮುಕ್ತೇಶ್ವರಕ್ಕೆ ಹೆಚ್ಚು ದೂರವಿಲ್ಲದ ರಾಣಿಖೇತ್‌ನಲ್ಲಿ ಬಂತು. ಮುಕ್ತೇಶ್ವರದ ಜೆ. ಟಿ. ಎಡ್ವರ್ಡ್ಸ್ ಅದನ್ನು ದಾಖಲಿಸಿದರು. ಕರ್ನಾಟಕದ ಪಶುಪಾಲನಾ ಇಲಾಖೆ, ರೈತರು ಅದನ್ನು ಕೊಕ್ಕರೆ ರೋಗವೆಂದು ಕರೆಯುತ್ತಾರೆ.

ಕೊಕ್ಕರೆ ರೋಗ ಹಿತ್ತಲನ್ನು ಬರಿದು ಮಾಡುವ ರೋಗ. ಬಾಯಿ ತೆರೆದು ಉಸಿರು ಎಳೆಯುವುದು, ಹಸಿರು ಬಣ್ಣದ ಬೇಧಿ, ಆಮೇಲೆ ಕಾಲು ರೆಕ್ಕೆ ಸೋಲುವುದು, ಕುತ್ತಿಗೆ ತಿರುಚಿ ತಲೆ ಬೆನ್ನ ಮೇಲೆ ಬೀಳುವುದು, ಇವು ಅದರ ಲಕ್ಷಣಗಳು. ಲಸಿಕೆ ಕಾಣದ ಹಿಂಡಿಗೆ ತಗುಲಿದರೆ ನೂರಕ್ಕೆ ತೊಂಬತ್ತು ಸಾಯುವುದೂ ಉಂಟು. ಇದಕ್ಕೆ ಮದ್ದಿಲ್ಲ, ಅಂದೂ ಇರಲಿಲ್ಲ, ಇಂದೂ ಇಲ್ಲ. ಬದುಕಿ ಉಳಿದ ಕೆಲವು ಕೋಳಿಗಳು ತಿರುಚಿದ ಕುತ್ತಿಗೆಯೊಂದಿಗೇ ಉಳಿಯುತ್ತವೆ. ಕಾಳಿಗೆ ಗುರಿಯಿಟ್ಟರೆ ಕೊಕ್ಕು ಪಕ್ಕದ ನೆಲಕ್ಕೆ ಬೀಳುತ್ತದೆ, ಹೆದರಿದಾಗ ಹಿಂದು ಹಿಂದಕ್ಕೆ ನಡೆದು ಉರುಳುತ್ತವೆ. ತಲೆಯನ್ನು ಕೈಯಲ್ಲಿ ಹಿಡಿದು, ಆಳದ ಬಟ್ಟಲಲ್ಲಿ ನೆನೆಸಿದ ಮೇವು ಇಟ್ಟು ತಿನ್ನಿಸಿದರೆ ವಾರಗಳ ಮೇಲೆ ಒಂದಷ್ಟು ಸರಿಯಾಗುವುದುಂಟು. ಒಂದೆರಡು ಕೋಳಿಯ ಮನೆಯಲ್ಲಿ ಇದು ಸಾಧ್ಯ, ಐವತ್ತು ಕೋಳಿಯ ಕೊಟ್ಟಿಗೆಯಲ್ಲಿ ಯಾರೂ ಮಾಡಲಾರರು. ಅದೂ ಅಲ್ಲದೆ ಚೇತರಿಸುತ್ತಿರುವ ಕೋಳಿಯ ಹಿಕ್ಕೆಯಲ್ಲಿ ಕೆಲಕಾಲ ವೈರಸ್ ಹೊರಬರುತ್ತದೆ. ಹೊಸ ಮರಿಗಳನ್ನು ಅದರ ಜೊತೆ ಬಿಟ್ಟರೆ ಅವೂ ಹೋಗುತ್ತವೆ. ಒಂದನ್ನು ಉಳಿಸುವ ಮಮತೆಗೂ ಉಳಿದವನ್ನು ಕಾಯುವ ಎಚ್ಚರಕ್ಕೂ ನೇರ ತಿಕ್ಕಾಟ ಬಿದ್ದದ್ದು ಈ ರೋಗದಲ್ಲಿ.

ಮದ್ದಿಲ್ಲದ ರೋಗಕ್ಕೆ ಲಸಿಕೆ ಬಂತು. 1940ರ ದಶಕದಲ್ಲಿ ಮುಕ್ತೇಶ್ವರದ ವಿಜ್ಞಾನಿಗಳು ವೈರಸ್ಸನ್ನು ಕೋಳಿಮೊಟ್ಟೆಯೊಳಗಿನ ಭ್ರೂಣಗಳಲ್ಲಿ ಮತ್ತೆ ಮತ್ತೆ ದಾಟಿಸಿ ಶಕ್ತಿಗುಂದಿಸಿದರು. ಆ ತಳಿಯ ಲಸಿಕೆಯನ್ನು ಆರು ಎಂಟು ವಾರ ದಾಟಿದ ಕೋಳಿಗಳಿಗೆ ಚುಚ್ಚಬೇಕು. ಎಳೆ ಮರಿಗಳಿಗೆ ಅದು ಖಾರ. ಅವುಗಳಿಗೆ ಎಫ್ ತಳಿ, ಲಸೋಟಾ ತಳಿಗಳ ಸೌಮ್ಯ ಲಸಿಕೆಯನ್ನು ಕಣ್ಣಿಗೋ ಮೂಗಿಗೋ ಹನಿ ಬಿಡುವ ಕ್ರಮ ಆಮೇಲೆ ಬಂತು. ಹೆಬ್ಬಾಳದ ಸಂಸ್ಥೆ, ಇಂದಿನ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ, ಕರ್ನಾಟಕಕ್ಕೆ ಬೇಕಾದ ಕೋಳಿ ಲಸಿಕೆಗಳನ್ನು ತಯಾರಿಸುತ್ತ ಬಂದಿದೆ.

ಲಸಿಕೆ ಇದ್ದರೂ ಹಿತ್ತಲಿಗೆ ಸುಲಭವಾಗಿ ತಲುಪಲಿಲ್ಲ. ಅದು ಪುಡಿಯಾಗಿ ಸಣ್ಣ ಸೀಸೆಯಲ್ಲಿ ಬರುತ್ತದೆ. ಒಂದೊಂದು ಸೀಸೆ ನೂರು, ಇನ್ನೂರು ಕೋಳಿಗಳಿಗೆ. ದ್ರವದಲ್ಲಿ ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಹಳ್ಳಿಮನೆಯಲ್ಲಿ ಇರುವುದು ಹತ್ತು ಹದಿನೈದು ಕೋಳಿ. ಐಸ್ ತುಂಬಿದ ಫ್ಲಾಸ್ಕ್ ಹಿಡಿದು, ಕೋಳಿಗಳನ್ನು ಹೊರಬಿಡುವ ಮುನ್ನ ನಸುಕಿನಲ್ಲೇ ಊರಿಗೆ ಹೋಗಿ, ಮನೆಯಿಂದ ಮನೆಗೆ ಓಡಬೇಕಾದ ಕೆಲಸ ಅದು. ಒಮ್ಮೆ ಗೂಡಿನಿಂದ ಹೊರಬಿದ್ದ ನಾಟಿ ಕೋಳಿಯನ್ನು ಹಗಲಿನಲ್ಲಿ ಹಿಡಿಯುವುದು ಯಾರಿಂದಲೂ ಆಗದು. 1990ರ ದಶಕದಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿ ಪೀಟರ್ ಸ್ಪ್ರ್ಯಾಡ್‌ಬ್ರೊ ಮತ್ತು ಸಂಗಡಿಗರು ಬಿಸಿಲಿಗೆ ತಾಳಿಕೊಳ್ಳುವ, ಕಣ್ಣಿಗೆ ಒಂದು ಹನಿ ಬಿಟ್ಟರೆ ಸಾಕಾಗುವ ಐ-2 ಲಸಿಕೆಯನ್ನು ರೂಪಿಸಿದ್ದು ಇಂಥ ಹಳ್ಳಿಗಳನ್ನೇ ಮನಸ್ಸಿನಲ್ಲಿಟ್ಟುಕೊಂಡು. ಆಫ್ರಿಕದ ಮೊಜಾಂಬಿಕ್, ತಾಂಜಾನಿಯಾಗಳಲ್ಲಿ ಅದು ಹಳ್ಳಿ ಹೆಂಗಸರ ಕೈಗೆ ಬಂತು.

20ನೇ ಶತಮಾನದಲ್ಲಿ ಕೋಳಿಯೇ ಬದಲಾಯಿತು. 1912ರಲ್ಲಿ ಉತ್ತರ ಪ್ರದೇಶದ ಇಟಾದಲ್ಲಿ ಅಮೆರಿಕನ್ ಮಿಷನರಿಗಳು ತೆರೆದ ಕೋಳಿ ಫಾರಂ ಮುಂತಾದವು ಲೆಗ್‌ಹಾರ್ನ್‌ನಂಥ ಸೀಮೆಕೋಳಿಗಳನ್ನು ಹಳ್ಳಿಗೆ ತಂದವು. 1960ರ ದಶಕದ ನಂತರ ಕೋಳಿ ಸಾಕಣೆ ಉದ್ಯಮವಾಯಿತು. 1989ರಲ್ಲಿ ಹೆಬ್ಬಾಳದ ಪಶುವೈದ್ಯ ಕಾಲೇಜು ಹಿತ್ತಲಿಗೆ ಒಗ್ಗುವ ಗಿರಿರಾಜ ತಳಿಯನ್ನು ಬಿಡುಗಡೆ ಮಾಡಿತು, ಆಮೇಲೆ ಸ್ವರ್ಣಧಾರ ಬಂತು. ಮೊಟ್ಟೆ ಫಾರಂಗಳಲ್ಲಿ ಕೋಳಿಯ ಕೊನೆಯನ್ನು ಕಾಯಿಲೆಯಲ್ಲ, ಲೆಕ್ಕದ ಪುಸ್ತಕ ನಿರ್ಧರಿಸತೊಡಗಿತು. ಸುಮಾರು 72ರಿಂದ 80 ವಾರಕ್ಕೆ ಮೊಟ್ಟೆ ಇಳಿದಾಗ ಇಡೀ ತಂಡವನ್ನು ಮಾಂಸಕ್ಕೆ ಮಾರಿ ಶೆಡ್ ತೊಳೆದು ಹೊಸ ತಂಡ ಬಿಡುತ್ತಾರೆ. ಕಾಡುಕೋಳಿ ವರ್ಷಕ್ಕೆ ಇಡುವುದು ಹತ್ತು ಹದಿನೈದು ಮೊಟ್ಟೆ. ಇಂದಿನ ಲೇಯರ್ ಕೋಳಿ ಮುನ್ನೂರು ದಾಟುತ್ತದೆ. ಈ ದುಡಿತದ ಬೆಲೆ ಎರಡು ಮೂರು ವರ್ಷದ ವಯಸ್ಸಿನಲ್ಲಿ ಕಾಣುತ್ತದೆ: ಮೊಟ್ಟೆಯ ಭಂಡಾರ ದಾರಿ ತಪ್ಪಿ ಹೊಟ್ಟೆಯೊಳಗೆ ಬಿದ್ದು ಕೀವಾಗುವುದು, ಮೊಟ್ಟೆ ಸಿಕ್ಕಿಕೊಳ್ಳುವುದು, ಅಂಡಾಶಯದ ಕ್ಯಾನ್ಸರ್. ಕೋಳಿಗೆ ತಾನಾಗಿಯೇ ಈ ಕ್ಯಾನ್ಸರ್ ಬರುವುದು ಎಷ್ಟು ಸಾಮಾನ್ಯವೆಂದರೆ, ಹೆಂಗಸರ ಅಂಡಾಶಯದ ಕ್ಯಾನ್ಸರ್ ಅರಿಯಲು ವಿಜ್ಞಾನಿಗಳು ಕೋಳಿಗಳನ್ನೇ ಅಭ್ಯಾಸ ಮಾಡುತ್ತಾರೆ. ಫಾರಂನಲ್ಲಿ ಕೋಳಿ ಆ ವಯಸ್ಸು ಮುಟ್ಟುವುದಿಲ್ಲವಾದ್ದರಿಂದ ಈ ಕಾಯಿಲೆಗಳು ದೊಡ್ಡದಾಗಿ ಎದುರಾದದ್ದು ಕೋಳಿಯನ್ನು ಅಕ್ಕರೆಗೆ ಸಾಕಿದವರ ಮನೆಗಳಲ್ಲಿ.

ನೋವು ತೀರಿಸಲು ಪ್ರಾಣಿಯನ್ನು ಕೊಲ್ಲಬಹುದೇ ಎಂಬುದು ಭಾರತದಲ್ಲಿ ಬಹಿರಂಗ ವಾದವಾದದ್ದು 1928ರಲ್ಲಿ. ಸಬರಮತಿ ಆಶ್ರಮದಲ್ಲಿ ಗುಣವಾಗದ ಸ್ಥಿತಿಯಲ್ಲಿ ನರಳುತ್ತಿದ್ದ ಕರುವೊಂದಕ್ಕೆ ಗಾಂಧೀಜಿ ವೈದ್ಯರಿಂದ ಚುಚ್ಚುಮದ್ದು ಕೊಡಿಸಿ ಸಾವು ತರಿಸಿದರು. ‘ನವಜೀವನ’, ‘ಯಂಗ್ ಇಂಡಿಯಾ’ಗಳಲ್ಲಿ ಅದನ್ನು ತಾವೇ ಬರೆದು ಪ್ರಕಟಿಸಿದರು. ಕೋಪದ ಪತ್ರಗಳು ರಾಶಿ ಬಿದ್ದವು. ಬೇರೆ ದಾರಿಯೇ ಇಲ್ಲದಾಗ, ತನ್ನ ಸ್ವಾರ್ಥವಿಲ್ಲದೆ, ಆ ಜೀವದ ಒಳಿತಿಗಾಗಿಯೇ ಮಾಡಿದ ಕೊಲೆ ಹಿಂಸೆಯಲ್ಲ ಎಂಬುದು ಅವರ ನಿಲುವು. ಚರ್ಚೆ ಕರುವಿನದಾದ್ದರಿಂದ ದೇಶ ಕಲಕಿತು. ಅದೇ ದಿನಗಳಲ್ಲಿ ಕೊಕ್ಕರೆ ರೋಗಕ್ಕೆ ಸಾಲು ಸಾಲಾಗಿ ಸಾಯುತ್ತಿದ್ದ ಕೋಳಿಗಳ ಬಗ್ಗೆ ಇಂಥ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಮನುಷ್ಯನನ್ನು ಬಿಟ್ಟು ಎಲ್ಲ ಜೀವಿಗಳನ್ನೂ ಪ್ರಾಣಿ ಎಂದೇ ಎಣಿಸುತ್ತದೆ, ಹಾಗಾಗಿ ಕೋಳಿಯೂ ಅದರ ವ್ಯಾಪ್ತಿಗೆ ಬರುತ್ತದೆ. ಬದುಕಿಡುವುದೇ ಕ್ರೌರ್ಯವಾಗುವಷ್ಟು ನರಳುತ್ತಿರುವ ಪ್ರಾಣಿಯನ್ನು ಕೊನೆಗಾಣಿಸಲು ಅದರ 13ನೇ ಕಲಂ ದಾರಿ ಮಾಡಿಕೊಡುತ್ತದೆ.

ಕೊನೆಯ ನಿರ್ಧಾರ ಸಾಕಿದವರ ಕೈಯಿಂದ ಪೂರ್ತಿ ತಪ್ಪಿಹೋದದ್ದು ಹಕ್ಕಿಜ್ವರದಿಂದ. 1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಎಚ್5ಎನ್1 ವೈರಸ್ 18 ಜನರಿಗೆ ತಗುಲಿ ಆರು ಮಂದಿ ಸತ್ತರು. ಅಲ್ಲಿನ ಸರ್ಕಾರ ಇಡೀ ಪ್ರದೇಶದ ಕೋಳಿಗಳನ್ನೆಲ್ಲ ಕೊಲ್ಲಿಸಿತು. ಭಾರತಕ್ಕೆ ಅದು 2006ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಬಂತು. 2012ರ ಅಕ್ಟೋಬರ್‌ನಲ್ಲಿ ಬೆಂಗಳೂರು ಬಳಿಯ ಹೆಸರಘಟ್ಟದ ಕೇಂದ್ರ ಸರ್ಕಾರದ ಕೋಳಿ ಅಭಿವೃದ್ಧಿ ಸಂಸ್ಥೆಯ ಟರ್ಕಿ ಕೋಳಿಗಳಲ್ಲಿ ಕಾಣಿಸಿಕೊಂಡಿತು. 2020ರ ಮಾರ್ಚ್‌ನಲ್ಲಿ ಮೈಸೂರಿನ ಕುಂಬಾರಕೊಪ್ಪಲು ಸುತ್ತ ಕೋಳಿಗಳ ಸಾಮೂಹಿಕ ನಾಶ ನಡೆಯಿತು. ರೋಗ ದೃಢಪಟ್ಟ ಜಾಗದಿಂದ ಒಂದು ಕಿಲೋಮೀಟರ್ ತ್ರಿಜ್ಯದೊಳಗೆ ಫಾರಂ ಕೋಳಿ, ಹಿತ್ತಲ ಕೋಳಿ ಎಂಬ ಭೇದವಿಲ್ಲ. ಕಾಯಿಲೆ ಕೋಳಿ, ಗಟ್ಟಿ ಕೋಳಿ ಎಂಬ ಭೇದವೂ ಇಲ್ಲ. ರಕ್ಷಾಕವಚ ತೊಟ್ಟ ಸಿಬ್ಬಂದಿ ಕೊಂದು, ಗುಂಡಿ ತೋಡಿ, ಸುಣ್ಣ ಹರಡಿ ಮುಚ್ಚುತ್ತಾರೆ; ಮಾಲೀಕರಿಗೆ ಪರಿಹಾರ ಸಿಗುತ್ತದೆ. ಕಾಯಿಲೆ ಕೋಳಿಯನ್ನು ಅಡಿಗೆಮನೆಯ ಬಿಸುಪಿನಲ್ಲಿಟ್ಟು ಆರೈಕೆ ಮಾಡುವ ಹಳೆಯ ಅಭ್ಯಾಸವೂ ಇಲ್ಲಿಂದ ಮುಂದೆ ಅಪಾಯವೆನಿಸಿತು. ಒಮ್ಮೆಲೇ ಹಲವು ಕೋಳಿ ಸತ್ತರೆ ಮುಟ್ಟದೆ ಪಶು ಆಸ್ಪತ್ರೆಗೆ ತಿಳಿಸಬೇಕೆಂಬುದು ಈಗಿನ ನಿಯಮ.

ಒಂದೇ ಕೋಳಿಯ ವೈದ್ಯ ಬೆಳೆದದ್ದು ಬೇರೊಂದು ದಿಕ್ಕಿನಿಂದ. ರೂತ್ ಹ್ಯಾರಿಸನ್ 1964ರಲ್ಲಿ ಬರೆದ ‘ಅನಿಮಲ್ ಮೆಷೀನ್ಸ್’ ಪಂಜರದ ಕೋಳಿಗಳ ಪಾಡನ್ನು ಬ್ರಿಟಿಷರ ಮುಂದಿಟ್ಟಿತು. 2005ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ ಟ್ರಸ್ಟ್ ಒಂದು ಫಾರಂಗಳು ಹೊರಹಾಕುವ ಕೋಳಿಗಳನ್ನು ಮನೆಗಳಿಗೆ ಕೊಡತೊಡಗಿತು. ಹೀಗೆ ಪುಕ್ಕ ಉದುರಿದ, ಮೊಟ್ಟೆಯ ದುಡಿತದಿಂದ ಸವೆದ ಕೋಳಿಗಳು ಹೆಸರಿಟ್ಟುಕೊಂಡು ಮನೆಯವಾದವು, ಕಾಯಿಲೆ ಬಿದ್ದಾಗ ಬುಟ್ಟಿಯಲ್ಲಿ ಆಸ್ಪತ್ರೆಗೆ ಬಂದವು. ಬೆಂಗಳೂರಿನಂಥ ನಗರಗಳಲ್ಲೂ ಮಕ್ಕಳು ಸಾಕಿದ ಬಣ್ಣದ ಮರಿ ದೊಡ್ಡದಾಗಿ ಮನೆಕೋಳಿಯಾದದ್ದುಂಟು. ಸ್ಕ್ಯಾನಿಂಗ್, ಹೊಟ್ಟೆಯ ನೀರು ತೆಗೆಯುವುದು, ಕೊಳವೆ ಮೂಲಕ ಆಹಾರ, ಮೊಟ್ಟೆಯಿಡುವುದನ್ನೇ ಕೆಲ ತಿಂಗಳು ನಿಲ್ಲಿಸುವ ಚರ್ಮದಡಿಯ ಹಾರ್ಮೋನ್ ಗುಳಿಗೆ, ಎಲ್ಲವೂ ಕೋಳಿಗೂ ಬಂದವು.

ಕಾನೂನಿನ ಕಣ್ಣಿಗೆ ಮಾತ್ರ ಕೋಳಿ ಈಗಲೂ ಆಹಾರದ ಪ್ರಾಣಿ. ಬ್ರಿಟನ್, ಅಮೆರಿಕಗಳಲ್ಲಿ ಹೆಸರಿಟ್ಟು ಸಾಕಿದ ಕೋಳಿಗೂ ಮೊಟ್ಟೆ ಮಾಂಸದ ಕೋಳಿಗಿರುವ ಔಷಧಿ ನಿಯಮಗಳೇ ಅನ್ವಯ. ನಾಯಿ ಬೆಕ್ಕುಗಳಿಗೆ ಧಾರಾಳವಾಗಿ ಬರೆಯುವ ಕೆಲವು ಔಷಧಿಗಳನ್ನು ಕೋಳಿಗೆ ಬರೆಯುವಂತಿಲ್ಲ. ಎನ್ರೋಫ್ಲಾಕ್ಸಸಿನ್ ಔಷಧಿಯನ್ನು ಕೋಳಿಗಳಿಗೆ ಬಳಸುವುದನ್ನು ಅಮೆರಿಕ 2005ರಲ್ಲಿ ನಿಲ್ಲಿಸಿತು. ಭಾರತ 2019ರಲ್ಲಿ ಆಹಾರದ ಪ್ರಾಣಿಗಳಿಗೆ ಕೊಲಿಸ್ಟಿನ್ ನಿಷೇಧಿಸಿತು. ಮನುಷ್ಯರ ರೋಗಾಣುಗಳು ಮದ್ದಿಗೆ ಬಗ್ಗದಂತಾಗುವುದನ್ನು ತಡೆಯಲು ಇವು ಬೇಕಾದ ಕ್ರಮಗಳೇ. ಆದರೆ ಮೊಟ್ಟೆಯನ್ನು ತಿನ್ನುವುದೇ ಇಲ್ಲವೆಂದು ಪ್ರಮಾಣ ಮಾಡುವ ಮನೆಯ ಒಂಟಿ ಕೋಳಿಯೂ ಇವುಗಳಡಿ ಸಿಲುಕಿಕೊಳ್ಳುತ್ತದೆ. ಔಷಧಿ ಕೊಟ್ಟ ಕೋಳಿಯ ಮೊಟ್ಟೆಯನ್ನು ಎಷ್ಟು ದಿನ ಬಿಸಾಡಬೇಕೆಂದು ವೈದ್ಯರು ಹೇಳುವುದೂ ಇದೇ ನಿಯಮದಿಂದ.

ಗುಣವಾಗುವುದಿಲ್ಲವೆಂದಾಗ ಈಗ ನೋಡುವ ಗುರುತುಗಳು ಹಳೆಯ ಹಿತ್ತಲಿನ ಗುರುತುಗಳಿಂದ ಬಹಳ ದೂರವಿಲ್ಲ. ತಾನಾಗಿ ತಿನ್ನದೆ ಕುಡಿಯದೆ ಇರುವುದು, ಎದೆಯ ಮೂಳೆ ಚೂಪಾಗಿ ಕೈಗೆ ಸಿಗುವಷ್ಟು ಬಡವಾಗುವುದು, ನಿಲ್ಲಲಾರದೆ ಹಿಕ್ಕೆಯಲ್ಲೇ ಬಿದ್ದಿರುವುದು, ಹೊಟ್ಟೆ ನೀರು ತುಂಬಿ ಉಸಿರಿಗೆ ಕಷ್ಟಪಡುವುದು. ಮಣ್ಣಿನಲ್ಲಿ ಹೊರಳುವುದು, ಬಿಸಿಲಿಗೆ ರೆಕ್ಕೆ ಬಿಚ್ಚಿ ಮಲಗುವುದು, ಮೇವಿನ ಸದ್ದಿಗೆ ಓಡಿಬರುವುದು ಇವೆಲ್ಲ ನಿಂತಿವೆಯೇ ಎಂಬುದನ್ನೂ ವೈದ್ಯರು ಕೇಳುತ್ತಾರೆ. ಅಮೆರಿಕದ ಪಶುವೈದ್ಯರ ಸಂಘ ದಯಾಮರಣದ ವಿಧಾನಗಳ ಬಗ್ಗೆ ಮೊದಲ ವರದಿ ಕೊಟ್ಟದ್ದು 1963ರಲ್ಲಿ. ಆಸ್ಪತ್ರೆಯಲ್ಲಿ ಮೊದಲು ಅರಿವಳಿಕೆ ಕೊಟ್ಟು ಪ್ರಜ್ಞೆ ತಪ್ಪಿಸಿ, ಆಮೇಲೆ ಬಾರ್ಬಿಟುರೇಟ್ ಚುಚ್ಚುವುದು ರೂಢಿ. ಆ ಔಷಧಿ ದೇಹದಲ್ಲಿ ಉಳಿಯುವುದರಿಂದ ಅಂಥ ಕೋಳಿಯನ್ನು ಮನುಷ್ಯರಾಗಲಿ ನಾಯಿಯಾಗಲಿ ತಿನ್ನಬಾರದು. ಆಸ್ಪತ್ರೆ ದೂರವಿರುವಲ್ಲಿ ಕುತ್ತಿಗೆಯ ಮೂಳೆಯನ್ನು ಒಂದೇ ಸಲಕ್ಕೆ ಬೇರ್ಪಡಿಸುವ ವಿಧಾನವನ್ನು ಪಳಗಿದ ಕೈಗೆ ಮಾತ್ರ ಒಪ್ಪುತ್ತಾರೆ. ಯೂರೋಪಿನ ಒಕ್ಕೂಟದ ನಿಯಮ ಅದನ್ನು ಬರಿಗೈಯಲ್ಲಿ ಮಾಡುವುದನ್ನು ಮೂರು ಕಿಲೋ ತೂಕದೊಳಗಿನ ಕೋಳಿಗೆ, ಒಬ್ಬರಿಗೆ ದಿನಕ್ಕೆ ಎಪ್ಪತ್ತರ ಮಿತಿಗೆ ಕಟ್ಟಿಹಾಕಿದೆ. ಕೈ ಸೋತರೆ ಕೆಲಸ ಕೆಡುತ್ತದೆ, ಕೋಳಿ ನರಳುತ್ತದೆ ಎಂಬುದು ಆ ಮಿತಿಯ ಹಿಂದಿನ ಲೆಕ್ಕ.

ಸತ್ತ ಕೋಳಿಯನ್ನು ನಾಯಿ ಎಳೆಯದಷ್ಟು ಆಳಕ್ಕೆ, ಬಾವಿ ಕೆರೆಗಳಿಂದ ದೂರ ಹೂತು ಮೇಲೆ ಸುಣ್ಣ ಹಾಕುವುದು ಹಳ್ಳಿಗೂ ನಗರಕ್ಕೂ ಒಂದೇ ಸಲಹೆ. ಮನೆಯಲ್ಲಿ ಬೇರೆ ಕೋಳಿಗಳಿದ್ದು ಸಾವಿನ ಕಾರಣ ತಿಳಿಯದಿದ್ದರೆ, ಹೂಳುವ ಮೊದಲು ಪಶು ಆಸ್ಪತ್ರೆಗೆ ಕೊಟ್ಟು ಶವಪರೀಕ್ಷೆ ಮಾಡಿಸಬಹುದು. ಅಗತ್ಯ ಬಿದ್ದರೆ ಅಲ್ಲಿಂದ ಮಾದರಿ ಹೆಬ್ಬಾಳದ ಪ್ರಯೋಗಾಲಯಕ್ಕೆ ಹೋಗುತ್ತದೆ. ದೇಹವನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಐಸ್ ಜೊತೆ ಆ ದಿನವೇ ತಲುಪಿಸಬೇಕು. ಫ್ರೀಜರಿನಲ್ಲಿ ಹೆಪ್ಪುಗಟ್ಟಿದ ದೇಹದ ಅಂಗಾಂಶ ಹಾಳಾಗುವುದರಿಂದ ಸೂಕ್ಷ್ಮದರ್ಶಕದಡಿ ರೋಗದ ಗುರುತು ಸರಿಯಾಗಿ ಸಿಗುವುದಿಲ್ಲ.